ಹೊಸ ಲ್ಯಾಪ್‌ಟಾಪ್‌ನಲ್ಲಿ ಮನೆಯ ನಾಸ್ ಫೋಲ್ಡರ್ ಯಾಕೆ ತೆರೆಯುತ್ತಿಲ್ಲ?

ಪ್ರಶ್ನೆ: ಸರ್, ನಮ್ಮದು ಬಾಗಲಕೋಟೆ ನವನಗರ. ಮನೆಯಲ್ಲಿ ಎರಡು ಡಿಸ್ಕ್ ಇರುವ ನಾಸ್ (ಮನೆಯವರೆಲ್ಲ ನೆಟ್‌ವರ್ಕ್ ಮೂಲಕ ಬಳಸುವ ಫೈಲ್ ಪೆಟ್ಟಿಗೆ) ಇದೆ. ಹಳೆ ಊರಿನ ನಮ್ಮ ಮನೆ ಮುಳುಗಡೆಗೆ ಹೋಗುವ ಮುಂಚೆ ಅಪ್ಪ ತೆಗೆದಿದ್ದ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಅದರಲ್ಲಿ ಇಟ್ಟಿದ್ದೇವೆ. ಹಳೆಯ ವಿಂಡೋಸ್ 10 ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಇಲ್ಲದೆಯೇ ತೆರೆಯುತ್ತಿತ್ತು. ಈಗ ವಿಂಡೋಸ್ 11 ಪ್ರೊ ಇರುವ ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೇವೆ. ಅದರಲ್ಲಿ, ‘ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆದಿದೆ’ ಅನ್ನುವ ಅರ್ಥದ ಇಂಗ್ಲಿಷ್ ಸಂದೇಶ ಬರುತ್ತೆ. ನಮ್ಮದು ಮನೆ, ಸಂಸ್ಥೆ ಎಲ್ಲಿಂದ ಬಂತು? ಕರೆಂಟ್ ಹೋಗಿ ಬಂದ ಮೇಲೆ ಹಳೆ ಲ್ಯಾಪ್‌ಟಾಪ್‌ನಲ್ಲೂ ಕೆಲವು ಸಲ ಫೋಲ್ಡರ್ ಸಿಗಲ್ಲ. ವಿಡಿಯೊಗಳಲ್ಲಿ ಎಸ್‌ಎಂಬಿ 1 ಆನ್ ಮಾಡಿ, ರಿಜಿಸ್ಟ್ರಿ ಬದಲಿಸಿ ಅಂತ ಹೇಳ್ತಾರೆ. ಮಾಡಲೇ? ಅವ್ವನ ಫೋನಿನಲ್ಲಿ, ಹಾಗೆಯೇ ಬೆಳಗಾವಿಯಲ್ಲಿರುವ ತಂಗಿಗೂ ಈ ಫೋಟೊಗಳು ಕಾಣುವಂತೆ ಮಾಡಬಹುದಾ?

ಉತ್ತರ: ಎಸ್‌ಎಂಬಿ 1 (ಫೈಲ್ ಹಂಚಿಕೊಳ್ಳುವ ಹಳೆಯ ಪದ್ಧತಿ), ರಿಜಿಸ್ಟ್ರಿ (ವಿಂಡೋಸ್ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿ) ಎರಡನ್ನೂ ಮುಟ್ಟಬೇಡಿ. ನಿಮ್ಮ ಲ್ಯಾಪ್‌ಟಾಪ್ ಸರಿಯಾಗಿಯೇ ಇದೆ. ನಾಸ್ ಕೂಡ ಕೆಟ್ಟಿಲ್ಲ. ಬದಲಾಗಬೇಕಾದ್ದು ನಾಸ್ ಒಳಗಿನ ಸೆಟ್ಟಿಂಗ್. ಅಲ್ಲಿ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿ. ಜೊತೆಗೆ ರೂಟರ್‌ನಲ್ಲಿ ನಾಸ್‌ಗೆ ಒಂದು ಖಾಯಂ ಅಡ್ರೆಸ್ ಕೊಡಿ. ನಿಮ್ಮ ತೊಂದರೆಯಲ್ಲಿ ಬಹುಪಾಲು ಇಷ್ಟಕ್ಕೇ ಮುಗಿಯುತ್ತೆ.

ಮೊದಲು ಆ ಸಂದೇಶ ಏನು ಹೇಳುತ್ತಿದೆ ನೋಡೋಣ. ಇದುವರೆಗೆ ನಿಮ್ಮ ನಾಸ್ ಯಾರನ್ನೂ ಹೆಸರು ಕೇಳದೆ ಒಳಗೆ ಬಿಡುತ್ತಿತ್ತು. ಇದಕ್ಕೆ ಗೆಸ್ಟ್ ಪ್ರವೇಶ ಅಂತಾರೆ. ವಿಂಡೋಸ್ 10ರ ಹೋಮ್, ಪ್ರೊ ಆವೃತ್ತಿಗಳು ಇದಕ್ಕೆ ತಕರಾರು ಮಾಡುತ್ತಿರಲಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊನಲ್ಲೂ ಗೆಸ್ಟ್ ಪ್ರವೇಶ ತಾನಾಗಿಯೇ ಬಂದ್ ಆಗಿದೆ. ಅದೇ ಆವೃತ್ತಿಯಿಂದ ಇನ್ನೊಂದು ನಿಯಮವೂ ಸೇರಿದೆ. ಲ್ಯಾಪ್‌ಟಾಪ್ ಮತ್ತು ನಾಸ್ ನಡುವೆ ಹೋಗಿ ಬರುವ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರಲೇಬೇಕು. ಈ ಸಹಿ ಮಾಡಲು ಬೇಕಾದ ಗುಪ್ತ ಕೀ ನಿಮ್ಮ ಪಾಸ್‌ವರ್ಡ್‌ನಿಂದ ಹುಟ್ಟುತ್ತೆ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಹಾಗಾಗಿ ಕೀ ಇಲ್ಲ, ಸಹಿಯೂ ಇಲ್ಲ. ಅಲ್ಲಿಗೆ ಬಾಗಿಲು ಮುಚ್ಚಿತು. ‘ನಿಮ್ಮ ಸಂಸ್ಥೆ’ ಅನ್ನೋದು ಕಚೇರಿಗಳಿಗಾಗಿ ಬರೆದ ವಾಕ್ಯ. ಅದೇ ವಾಕ್ಯ ಮನೆಯವರಿಗೂ ಕಾಣಿಸುತ್ತೆ. ನಿಮ್ಮ ಲ್ಯಾಪ್‌ಟಾಪನ್ನು ಬೇರೆ ಯಾರೂ ಹಿಡಿತಕ್ಕೆ ತಗೊಂಡಿಲ್ಲ, ಗಾಬರಿ ಬೇಡ.

ಎಸ್‌ಎಂಬಿ 1ಕ್ಕೂ ನಿಮ್ಮ ಸಮಸ್ಯೆಗೂ ಸಂಬಂಧವೇ ಇಲ್ಲ. ನಿಮ್ಮ ನಾಸ್‌ಗೆ ಬರೀ ಎಸ್‌ಎಂಬಿ 1 ಗೊತ್ತಿದ್ದರೆ ಸಂದೇಶ ಬೇರೆ ಬರುತ್ತಿತ್ತು. ‘ಈ ಶೇರ್‌ಗೆ (ಹಂಚಿಕೊಂಡ ಫೋಲ್ಡರ್‌ಗೆ) ಹಳತಾದ ಎಸ್‌ಎಂಬಿ 1 ಬೇಕು, ಅದು ಸುರಕ್ಷಿತವಲ್ಲ’ ಅಂತ ವಿಂಡೋಸ್ ನೇರವಾಗಿಯೇ ಹೇಳುತ್ತೆ. ಎಸ್‌ಎಂಬಿ ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳಲು ಕಂಪ್ಯೂಟರ್‌ಗಳು ಬಳಸುವ ಪದ್ಧತಿ. ಇದು 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. ಎರಡನೆಯ ಆವೃತ್ತಿ ವಿಂಡೋಸ್ ವಿಸ್ಟಾ ಜೊತೆ ಬಂತು, ಮೂರನೆಯದು 2012ರಲ್ಲಿ ವಿಂಡೋಸ್ 8 ಜೊತೆ. ಮೊದಲನೆಯದರಲ್ಲಿ ಇದ್ದ ಒಂದು ಬಿರುಕನ್ನೇ ಬಳಸಿಕೊಂಡು 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ರ‍್ಯಾನ್ಸಮ್‌ವೇರ್ ಜಗತ್ತಿನ ತುಂಬ ಹರಡಿತು. ಆಸ್ಪತ್ರೆಗಳ ಕಂಪ್ಯೂಟರ್‌ಗಳನ್ನೂ ಬಿಡಲಿಲ್ಲ. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳ ಮುಂಚೆಯೇ ಅಪ್‌ಡೇಟ್ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಅಕ್ಟೋಬರ್‌ನಿಂದ ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಎಸ್‌ಎಂಬಿ 1 ಇರುವುದನ್ನೇ ನಿಲ್ಲಿಸಿದರು. ಅದನ್ನು ಮತ್ತೆ ಕರೆತರುವುದು ಬೇಡ.

ರಿಜಿಸ್ಟ್ರಿ ಬದಲಾವಣೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ಕೆಲಸ ಮಾಡುತ್ತೆ ಅನ್ನೋದೇ ಅದರ ಅಪಾಯ. ಗೆಸ್ಟ್ ಬಿಡು, ಸಹಿ ಕೇಳಬೇಡ ಅಂತ ಎರಡು ಬದಲಾವಣೆ ಮಾಡಿದರೆ ಫೋಲ್ಡರ್ ತೆರೆಯುತ್ತೆ, ಎಲ್ಲರಿಗೂ ಸಮಾಧಾನ. ಆದರೆ ಆ ಬದಲಾವಣೆ ನಿಮ್ಮ ನಾಸ್‌ಗೆ ಮಾತ್ರ ಮಾಡಿದ್ದಲ್ಲ. ಇಡೀ ಲ್ಯಾಪ್‌ಟಾಪ್‌ಗೆ ಮಾಡಿದ್ದು. ಮಗ ಅದೇ ಲ್ಯಾಪ್‌ಟಾಪ್ ತಗೊಂಡು ಹಾಸ್ಟೆಲ್‌ಗೆ ಹೋದ, ನೀವು ಲಾಡ್ಜ್‌ನ ವೈಫೈಗೆ ಸೇರಿದಿರಿ ಅಂತಿಟ್ಟುಕೊಳ್ಳಿ. ಅಲ್ಲಿ ಯಾರೋ ಒಂದು ನಕಲಿ ಶೇರ್ ತೆರೆದಿಟ್ಟಿದ್ದರೆ ನಿಮ್ಮ ಲ್ಯಾಪ್‌ಟಾಪ್ ಏನೂ ಕೇಳದೆ ಅದಕ್ಕೂ ಸೇರಿಕೊಳ್ಳುತ್ತೆ. ಅಲ್ಲಿಂದ ಬಂದ ಫೈಲನ್ನೂ ನಂಬುತ್ತೆ. ನಾಸ್‌ನಲ್ಲಿ ಒಂದು ಯೂಸರ್ ಮಾಡುವುದು ಹತ್ತು ನಿಮಿಷದ ಕೆಲಸ. ಅದನ್ನು ತಪ್ಪಿಸಲು ಇಷ್ಟು ದೊಡ್ಡ ಕಿಂಡಿ ತೆರೆಯುವುದು ನನಗೆ ಸರಿ ಅನ್ನಿಸುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಬ್ರೌಸರ್‌ನಲ್ಲಿ ನಾಸ್‌ನ ಐಪಿ ಅಡ್ರೆಸ್ (ರೂಟರ್ ಅದಕ್ಕೆ ಕೊಟ್ಟಿರುವ ನಂಬರ್) ಟೈಪ್ ಮಾಡಿ ಅದರ ಅಡ್ಮಿನ್ ಪುಟ ತೆರೆಯಿರಿ. ಮೊದಲು ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ನಂತರ ಯೂಸರ್ ವಿಭಾಗಕ್ಕೆ ಹೋಗಿ ಹೊಸ ಯೂಸರ್‌ಗಳನ್ನು ಸೇರಿಸಿ. ಹೆಸರು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಇರಲಿ. ಪ್ರತಿ ಯೂಸರ್‌ಗೂ ಯಾವ ಫೋಲ್ಡರ್‌ನಲ್ಲಿ ಏನು ಮಾಡಬಹುದು ಅಂತ ಅಲ್ಲೇ ಕೇಳುತ್ತೆ: ಓದುವುದು ಮಾತ್ರ, ಓದುವುದು ಮತ್ತು ಬರೆಯುವುದು, ಇಲ್ಲವೇ ಪ್ರವೇಶವೇ ಇಲ್ಲ.

ಇಲ್ಲಿ ನನ್ನದೊಂದು ಗಟ್ಟಿ ಸಲಹೆ ಇದೆ. ಆ ಹಳೆ ಮನೆಯ ಫೋಟೊಗಳ ಫೋಲ್ಡರ್‌ಗೆ ದಿನನಿತ್ಯ ಬಳಸುವ ಯಾವ ಯೂಸರ್‌ಗೂ ಬರೆಯುವ ಹಕ್ಕು ಕೊಡಬೇಡಿ. ನಿಮಗೂ ಬೇಡ. ನೋಡಲು, ಕಾಪಿ ಮಾಡಿಕೊಳ್ಳಲು ಓದುವ ಹಕ್ಕು ಸಾಕು. ಹೊಸ ಫೋಟೊ ಸೇರಿಸಲು ಬೇರೆ ಒಂದು ಯೂಸರ್ ಇಟ್ಟುಕೊಳ್ಳಿ, ಅದರ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಲ್ಲಿ ಉಳಿಸಬೇಡಿ. ಕಾರಣ ಇಷ್ಟೆ. ಲ್ಯಾಪ್‌ಟಾಪ್‌ಗೆ ರ‍್ಯಾನ್ಸಮ್‌ವೇರ್ ಬಂದರೆ ಅದು ಆ ಲ್ಯಾಪ್‌ಟಾಪ್‌ಗೆ ಎಲ್ಲೆಲ್ಲಿ ಬರೆಯುವ ಹಕ್ಕಿದೆಯೋ ಅಲ್ಲೆಲ್ಲ ಫೈಲ್ ಹಾಳು ಮಾಡುತ್ತೆ. ನಾಸ್ ಬೇರೆ ಪೆಟ್ಟಿಗೆ ಅಂತ ಬಿಡುವುದಿಲ್ಲ. ಓದುವ ಹಕ್ಕು ಮಾತ್ರ ಇದ್ದರೆ ಅಲ್ಲಿ ಅದರ ಕೈ ಸಾಗುವುದಿಲ್ಲ. ಮಕ್ಕಳು ಗೊತ್ತಿಲ್ಲದೆ ಡಿಲೀಟ್ ಒತ್ತುವ ಭಯವೂ ತಪ್ಪುತ್ತೆ. ಆ ಮನೆಯ ಫೋಟೊ ಇನ್ನೊಮ್ಮೆ ತೆಗೆಯಲು ಆಗಲ್ಲ ಅಲ್ವಾ? ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಒಂದು ಎಚ್ಚರ. ಯೂಸರ್‌ಗೆ ಒಂದು ಹಕ್ಕು, ಅವರಿರುವ ಗುಂಪಿಗೆ ಇನ್ನೊಂದು ಹಕ್ಕು ಕೊಟ್ಟಿದ್ದರೆ ಎರಡೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ‘ಪ್ರವೇಶ ಇಲ್ಲ’ ಅನ್ನೋದು ಎಲ್ಲಕ್ಕಿಂತ ಮೇಲೆ. ಗುಂಪಿಗೆ ಅದನ್ನು ಹಾಕಿಟ್ಟು ಯೂಸರ್‌ಗೆ ಎಷ್ಟು ಹಕ್ಕು ಕೊಟ್ಟರೂ ಫೋಲ್ಡರ್ ತೆರೆಯುವುದಿಲ್ಲ. ಅದರ ನಂತರ ‘ಬರೆಯುವುದು’ ಅನ್ನೋದು ‘ಓದುವುದು ಮಾತ್ರ’ ಅನ್ನೋದನ್ನು ಮೀರುತ್ತೆ. ಹಾಗಾಗಿ ಗುಂಪಿಗೆ ಬರೆಯುವ ಹಕ್ಕು ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ತೆಗೆಯಿರಿ.

ಇಷ್ಟಾದ ಮೇಲೆ ಗೆಸ್ಟ್ ಯೂಸರನ್ನು ಬಂದ್ ಮಾಡಿ. ಎಸ್‌ಎಂಬಿ ಸೆಟ್ಟಿಂಗ್‌ನಲ್ಲಿ ಕನಿಷ್ಠ ಆವೃತ್ತಿ 2, ಗರಿಷ್ಠ ಆವೃತ್ತಿ 3 ಅಂತ ಇಡಿ. ಹಳೆಯ ನಾಸ್‌ಗಳಲ್ಲಿ ಎರಡನೇ ಆವೃತ್ತಿ ಇದ್ದರೂ ಆಫ್ ಆಗಿರುತ್ತೆ, ಅದನ್ನು ಟಿಕ್ ಮಾಡಿದರೆ ಸಾಕು.

ಇನ್ನು ಲ್ಯಾಪ್‌ಟಾಪ್ ಕಡೆ. ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಅಡ್ರೆಸ್ ಪಟ್ಟಿಯಲ್ಲಿ \\192.168.1.50 ಅಂತ ಟೈಪ್ ಮಾಡಿ, ನಿಮ್ಮ ನಾಸ್‌ನ ಅಡ್ರೆಸ್ ಯಾವುದೋ ಅದನ್ನು ಹಾಕಿ, ಎಂಟರ್ ಒತ್ತಿ. ಆ ಎರಡು ಗೆರೆ ಎಡಕ್ಕೆ ವಾಲಿದವು, ವೆಬ್ ವಿಳಾಸದ ಗೆರೆಯಲ್ಲ. ಆಗ ಹೆಸರು, ಪಾಸ್‌ವರ್ಡ್ ಕೇಳುತ್ತೆ. ಜನ ಎಡವುವುದು ಇಲ್ಲೇ. ಲ್ಯಾಪ್‌ಟಾಪ್ ತೆರೆಯಲು ಹಾಕುವ ನಾಲ್ಕಂಕಿಯ ಪಿನ್ ಇಲ್ಲಿ ನಡೆಯಲ್ಲ. ಮೈಕ್ರೋಸಾಫ್ಟ್ ಖಾತೆಯ ಇಮೇಲ್, ಪಾಸ್‌ವರ್ಡ್ ಕೂಡ ನಡೆಯಲ್ಲ. ನಾಸ್‌ನಲ್ಲಿ ಈಗಷ್ಟೇ ಮಾಡಿದ ಹೆಸರು, ಅದರ ಪಾಸ್‌ವರ್ಡ್ ಮಾತ್ರ. ಬೇರೆ ಖಾತೆ ಬಳಸುವ ಆಯ್ಕೆ ಅದೇ ಕಿಟಕಿಯ ಕೆಳಗಿರುತ್ತೆ, ಅದನ್ನು ಒತ್ತಿ. ಸರಿಯಾದದ್ದು ಹಾಕಿದರೂ ತಿರಸ್ಕರಿಸಿದರೆ, ಯೂಸರ್ ಹೆಸರಿನ ಮುಂಚೆ ನಾಸ್‌ನ ಹೆಸರು ಮತ್ತು ಒಂದು ಎಡಗೆರೆ ಹಾಕಿ ನೋಡಿ.

ಇನ್ನೂ ಆಗದಿದ್ದರೆ ಲ್ಯಾಪ್‌ಟಾಪ್ ಹಳೆಯ ಹೆಸರನ್ನು ನೆನಪಿಟ್ಟುಕೊಂಡಿರುತ್ತೆ. ಸ್ಟಾರ್ಟ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ಅಂತ ಹುಡುಕಿ. ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗೆ ನಾಸ್‌ಗೆ ಸೇರಿದ್ದನ್ನು ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ‘ಒಂದಕ್ಕಿಂತ ಹೆಚ್ಚು ಯೂಸರ್ ಹೆಸರಿನಲ್ಲಿ ಸಂಪರ್ಕ ಮಾಡಲಾಗದು’ ಅಂತ 1219 ನಂಬರಿನ ತಪ್ಪು ಬಂದರೂ ಇದೇ ಮದ್ದು. ಒಂದೇ ನಾಸ್‌ಗೆ ಒಂದೇ ಹೊತ್ತಿನಲ್ಲಿ ಎರಡು ಹೆಸರಿನಲ್ಲಿ ಸೇರಲು ವಿಂಡೋಸ್ ಬಿಡುವುದಿಲ್ಲ. ಫೋಟೊ ಸೇರಿಸುವ ಯೂಸರ್ ಬೇರೆ ಇಟ್ಟುಕೊಳ್ಳಿ ಅಂದೆನಲ್ಲ, ಅಲ್ಲಿ ನಿಮಗೆ ಇದು ಅಡ್ಡ ಬರುತ್ತೆ. ಅದಕ್ಕೊಂದು ದಾರಿ ಇದೆ. ದಿನನಿತ್ಯಕ್ಕೆ ಐಪಿ ಅಡ್ರೆಸ್ ಹಾಕಿ ಸೇರಿ. ಫೋಟೊ ಸೇರಿಸುವಾಗ ನಾಸ್‌ನ ಹೆಸರು ಹಾಕಿ ಸೇರಿ. ವಿಂಡೋಸ್ ಅವೆರಡನ್ನೂ ಬೇರೆ ಬೇರೆ ಯಂತ್ರ ಅಂತಲೇ ಎಣಿಸುತ್ತೆ.

ಕರೆಂಟ್ ಹೋಗಿ ಬಂದಾಗ ಫೋಲ್ಡರ್ ಕಾಣೆಯಾಗುವುದು ಪೂರ್ತಿ ಬೇರೆ ಸಮಸ್ಯೆ. ಮನೆಯ ಪ್ರತಿ ಸಾಧನಕ್ಕೂ ಅಡ್ರೆಸ್ ಹಂಚುವುದು ರೂಟರ್. ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೆ ಎದ್ದು ಅಡ್ರೆಸ್ ಕೇಳುತ್ತವೆ. ನಿನ್ನೆ 50 ಇದ್ದ ನಾಸ್‌ಗೆ ಇವತ್ತು 54 ಸಿಗಬಹುದು. ಲ್ಯಾಪ್‌ಟಾಪ್ ಮಾತ್ರ ಇನ್ನೂ 50ರ ಬಾಗಿಲು ಬಡಿಯುತ್ತಿರುತ್ತೆ. ನವನಗರದಲ್ಲಿ ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಗೊತ್ತಿದ್ದರೆ ಯಾರನ್ನೂ ಕೇಳದೆ ಮನೆ ಸಿಗುತ್ತೆ. ಆ ನಂಬರ್ ವಾರಕ್ಕೊಮ್ಮೆ ಬದಲಾದರೆ ಅಂಚೆಯವರ ಪಾಡೇನು? ಹಾಗಾಗಿ ನಂಬರನ್ನು ಖಾಯಂ ಮಾಡಿ. ರೂಟರ್‌ನ ಪುಟದಲ್ಲಿ ಅಡ್ರೆಸ್ ಹಂಚುವ ಡಿಎಚ್‌ಸಿಪಿ ವಿಭಾಗದೊಳಗೆ ‘ಅಡ್ರೆಸ್ ರಿಸರ್ವೇಶನ್’ ಇಲ್ಲವೇ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಅಂತ ಇರುತ್ತೆ. ಸದ್ಯ ಜೋಡಣೆಯಾಗಿರುವ ಸಾಧನಗಳ ಪಟ್ಟಿಯಲ್ಲಿ ನಾಸ್ ಆರಿಸಿ, ಅದರ ಮ್ಯಾಕ್ ಅಡ್ರೆಸ್‌ಗೆ (ಸಾಧನದ ಗುರುತಿನ ಸಂಖ್ಯೆಗೆ) ಒಂದು ಐಪಿಯನ್ನು ಕಟ್ಟಿಹಾಕಿ.

ನಾಸ್ ಒಳಗೇ ಅಡ್ರೆಸ್ ಬರೆದಿಡಬಹುದಲ್ಲ ಅಂತ ಕೆಲವರು ಕೇಳ್ತಾರೆ. ಬರೆದಿಡಬಹುದು. ಆದರೆ ನಾಳೆ ಇಂಟರ್‌ನೆಟ್ ಕಂಪನಿ ಬದಲಿಸಿದಿರಿ, ಹೊಸ ರೂಟರ್ 192.168.1ರ ಬದಲು 192.168.0ರ ಅಡ್ರೆಸ್ ಹಂಚುತ್ತೆ ಅಂತಾದರೆ, ನಾಸ್ ಹಳೆ ಅಡ್ರೆಸ್ ಹಿಡಿದು ಒಂಟಿಯಾಗಿ ಕೂರುತ್ತೆ. ಅದರ ಅಡ್ಮಿನ್ ಪುಟವೂ ತೆರೆಯುವುದಿಲ್ಲ. ರೂಟರ್‌ನಲ್ಲೇ ಮಾಡುವುದು ಒಳ್ಳೆಯದು.

ಎಕ್ಸ್‌ಪ್ಲೋರರ್‌ನ ‘ನೆಟ್‌ವರ್ಕ್’ ಪುಟದಲ್ಲಿ ನಾಸ್ ಕಾಣದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಪಟ್ಟಿ ಹಿಂದೆ ಎಸ್‌ಎಂಬಿ 1ರ ಜೊತೆ ಇದ್ದ ಒಂದು ವ್ಯವಸ್ಥೆಯಿಂದ ತುಂಬುತ್ತಿತ್ತು. ಈಗ ಡಬ್ಲ್ಯೂಎಸ್-ಡಿಸ್ಕವರಿ ಎಂಬ ಬೇರೆ ವ್ಯವಸ್ಥೆ ಇದೆ, ನಾಸ್‌ನಲ್ಲಿ ಅದನ್ನು ಆನ್ ಮಾಡಬಹುದು. ಲ್ಯಾಪ್‌ಟಾಪ್‌ನಲ್ಲಿ ಮನೆಯ ವೈಫೈಯನ್ನು ‘ಪ್ರೈವೇಟ್’ ಅಂತ ಗುರುತಿಸಿರಬೇಕು. ಕಂಡರೆ ಸಂತೋಷ, ಕಾಣದಿದ್ದರೂ ಅಡ್ರೆಸ್ ಹಾಕಿದರೆ ತೆರೆಯುತ್ತೆ. ತೆರೆದ ಮೇಲೆ ಫೋಲ್ಡರ್ ಮೇಲೆ ಬಲಗಡೆಯ ಬಟನ್ ಒತ್ತಿ ಮ್ಯಾಪ್ ಮಾಡಿಕೊಂಡರೆ ಬೇರೆ ಡ್ರೈವ್‌ಗಳ ಜೊತೆ ಅದೂ ಕೂರುತ್ತೆ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಅದರ ಮೇಲೆ ಕೆಂಪು ಕತ್ತರಿ ಗುರುತು ಕಂಡರೆ, ವೈಫೈ ಸೇರುವ ಮೊದಲೇ ವಿಂಡೋಸ್ ನಾಸ್ ಹುಡುಕಿದೆ ಅಂತ ಅರ್ಥ. ಸ್ವಲ್ಪ ತಾಳಿ ಒಮ್ಮೆ ಕ್ಲಿಕ್ ಮಾಡಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಮನೆಯಲ್ಲಿ ಎರಡು ರೂಟರ್ ಇವೆಯಾ? ನಮ್ಮ ಕಡೆ ಇದು ಬಹಳ ಸಾಮಾನ್ಯ. ಫೈಬರ್ ಹಾಕಿದವರು ಒಂದು ಪೆಟ್ಟಿಗೆ ಕೊಟ್ಟಿರ್ತಾರೆ. ಒಳಗಿನ ಕೋಣೆಗೆ ಸಿಗ್ನಲ್ ಸಾಲದು ಅಂತ ಮನೆಯವರು ಇನ್ನೊಂದು ತಂದು ಅದಕ್ಕೆ ಜೋಡಿಸ್ತಾರೆ. ಆಗ ಮನೆಯಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್ ಆಗುತ್ತವೆ. ನಾಸ್ ಎರಡನೇ ರೂಟರ್‌ನಲ್ಲಿದ್ದು ಲ್ಯಾಪ್‌ಟಾಪ್ ಮೊದಲನೆಯದರ ವೈಫೈನಲ್ಲಿದ್ದರೆ ಫೋಲ್ಡರ್ ಸಿಗಲ್ಲ, ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ. ತಿರುವುಮುರುವಾದರೆ ಅಡ್ರೆಸ್ ಹಾಕಿ ತೆರೆಯಬಹುದು, ಪಟ್ಟಿಯಲ್ಲಿ ಮಾತ್ರ ಕಾಣಿಸಲ್ಲ. ವರಾಂಡದಲ್ಲಿ ತೆರೆಯುತ್ತೆ, ಅಡುಗೆಮನೆಯಲ್ಲಿ ತೆರೆಯಲ್ಲ ಅನ್ನೋ ದೂರುಗಳು ಹೆಚ್ಚಾಗಿ ಇದರಿಂದಲೇ. ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಿಸಿ. ಇಡೀ ಮನೆ ಒಂದೇ ನೆಟ್‌ವರ್ಕ್ ಆಗುತ್ತೆ. ‘ಗೆಸ್ಟ್ ವೈಫೈ’ಗೆ ಸೇರಿದ ಫೋನಿಗೂ ನಾಸ್ ಸಿಗುವುದಿಲ್ಲ. ಅದು ಹಾಗೇ ಇರಬೇಕು.

ಫೈಲ್ ಕಾಪಿ ತುಂಬ ನಿಧಾನ ಅನ್ನಿಸಿದರೆ ನಾಸ್ ಯಾವ ಪೋರ್ಟ್‌ನಲ್ಲಿದೆ ನೋಡಿ. ಕೆಲವು ಫೈಬರ್ ಪೆಟ್ಟಿಗೆಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100 ಮೆಗಾಬಿಟ್. ಮೊದಲನೆಯದರಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗುತ್ತೆ, ಎರಡನೆಯದರಲ್ಲಿ 11-12 ಅಷ್ಟೇ.

ಕರೆಂಟ್ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ನಾಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲ್ ವ್ಯವಸ್ಥೆಯೇ ಹಾಳಾಗಬಹುದು. ಯುಎಸ್‌ಬಿ ಪೋರ್ಟ್ ಇರುವ ಸಣ್ಣ ಯುಪಿಎಸ್ ತಗೊಂಡು ಅದರ ತಂತಿಯನ್ನು ನಾಸ್‌ಗೆ ಜೋಡಿಸಿ. ಬ್ಯಾಟರಿ ಮುಗಿಯುವ ಮುಂಚೆ ನಾಸ್ ತಾನಾಗಿ ಕ್ರಮವಾಗಿ ಬಂದ್ ಆಗುತ್ತೆ. ಆ ಯುಪಿಎಸ್ ನಿಮ್ಮ ನಾಸ್‌ಗೆ ಹೊಂದುತ್ತಾ ಅಂತ ಕೊಳ್ಳುವ ಮುಂಚೆ ನಾಸ್ ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಇನ್ನು ಬೇಸಿಗೆ. ಮನೆಯಲ್ಲಿಡುವ ನಾಸ್‌ಗಳನ್ನು ಸಾಮಾನ್ಯವಾಗಿ 40 ಡಿಗ್ರಿ ತನಕದ ಕೋಣೆಗೆ ಅಂತ ಮಾಡಿರುತ್ತಾರೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್-ಮೇ ಹೇಗಿರುತ್ತೆ ನಿಮಗೇ ಗೊತ್ತು. ಮುಚ್ಚಿದ ಟಿವಿ ಕಪಾಟಿನೊಳಗೆ, ಮಾಳಿಗೆಯ ಕೋಣೆಯಲ್ಲಿ ಇಡಬೇಡಿ. ಗಾಳಿ ಆಡುವ ಜಾಗ ಬೇಕು. ಫ್ಯಾನಿನ ಜಾಲರಿಯ ಧೂಳನ್ನೂ ಆಗಾಗ ತೆಗೆಯಿರಿ.

ಎರಡು ಡಿಸ್ಕ್ ಇವೆ, ಒಂದು ಹೋದರೆ ಇನ್ನೊಂದಿದೆ ಅನ್ನೋ ಧೈರ್ಯ ನಿಮಗಿದ್ದರೆ ಅದು ಅರ್ಧ ಮಾತ್ರ ಸರಿ. ಎರಡರಲ್ಲೂ ಒಂದೇ ಪ್ರತಿ ಇಡುವಂತೆ ಹೊಂದಿಸಿದ್ದರೆ ಒಂದು ಡಿಸ್ಕ್ ಕೆಟ್ಟಾಗ ಇನ್ನೊಂದು ಉಳಿಸುತ್ತೆ, ನಿಜ. ಆದರೆ ನೀವು ಡಿಲೀಟ್ ಮಾಡಿದ್ದು ಎರಡರಲ್ಲೂ ಅದೇ ಗಳಿಗೆಗೆ ಡಿಲೀಟ್ ಆಗುತ್ತೆ. ಕಳ್ಳರು ಒಯ್ದರೆ, ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಫೋಟೊಗಳ ಒಂದು ಪ್ರತಿ ಯುಎಸ್‌ಬಿ ಡಿಸ್ಕ್‌ನಲ್ಲಿ ಬೇರೆ ಮನೆಯಲ್ಲಿರಲಿ. ತಂಗಿಯ ಮನೆಗಿಂತ ಒಳ್ಳೆ ಜಾಗ ಬೇಕಾ? ಹಬ್ಬಕ್ಕೆ ಅವರು ಬಂದಾಗ ಡಿಸ್ಕ್ ತರಲಿ, ಹೊಸದನ್ನು ಸೇರಿಸಿ ವಾಪಸ್ ಕೊಡಿ. ಅದರಿಂದ ಹತ್ತಾರು ಫೋಟೊ ತೆರೆದು ನೋಡಿಯೇ ಕೊಡಿ.

ಅವ್ವನ ಫೋನ್ ಸುಲಭ. ಆ್ಯಂಡ್ರಾಯ್ಡ್ ಆದರೆ ಎಸ್‌ಎಂಬಿ ಗೊತ್ತಿರುವ ಫೈಲ್ ಆ್ಯಪ್ ಬೇಕು, ವಿಎಲ್‌ಸಿಯಲ್ಲಿ ವಿಡಿಯೊಗಳೂ ಕಾಣುತ್ತವೆ. ಐಫೋನ್ ಆದರೆ ಐಒಎಸ್ 13ರಿಂದ ಫೈಲ್ಸ್ ಆ್ಯಪ್‌ನಲ್ಲೇ ಸರ್ವರ್‌ಗೆ ಸೇರುವ ಆಯ್ಕೆ ಇದೆ. ಅವ್ವನ ಹೆಸರಿನ ಯೂಸರ್, ಓದುವ ಹಕ್ಕು ಮಾತ್ರ. ಒಮ್ಮೆ ನೀವೇ ಹಾಕಿಕೊಟ್ಟರೆ ಮತ್ತೆ ಕೇಳಲ್ಲ. ಟಿವಿಯಲ್ಲಿ ನೋಡಲು ನಾಸ್‌ನ ಮೀಡಿಯಾ ಸರ್ವರ್, ಅಂದರೆ ಡಿಎಲ್‌ಎನ್‌ಎ ಸಾಕು. ಅದು ಪಾಸ್‌ವರ್ಡ್ ಕೇಳುವುದಿಲ್ಲ, ವೈಫೈನಲ್ಲಿರುವ ಎಲ್ಲರಿಗೂ ಕಾಣುತ್ತೆ. ಅದಕ್ಕೆ ಫೋಟೊ, ವಿಡಿಯೊ ಫೋಲ್ಡರ್ ಮಾತ್ರ ತೋರಿಸಿ. ಆಸ್ತಿ ಕಾಗದ, ಬ್ಯಾಂಕ್ ಕಾಗದ ಸ್ಕ್ಯಾನ್ ಮಾಡಿ ಇಟ್ಟಿದ್ದರೆ ಆ ಫೋಲ್ಡರ್ ದೂರವಿರಲಿ.

ಬೆಳಗಾವಿಯ ತಂಗಿಯ ವಿಷಯಕ್ಕೆ ಹೆಚ್ಚು ಜಾಗ್ರತೆ ಬೇಕು. ರೂಟರ್‌ನಲ್ಲಿ 445ನೇ ಪೋರ್ಟ್ (ಎಸ್‌ಎಂಬಿ ಓಡಾಡುವ ದಾರಿಯ ನಂಬರ್, ತಂತಿ ಚುಚ್ಚುವ ಪೋರ್ಟ್ ಅಲ್ಲ) ತೆರೆದು ಎಸ್‌ಎಂಬಿಯನ್ನು ಇಂಟರ್‌ನೆಟ್‌ಗೆ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ತೆರೆದ ನಾಸ್‌ಗಳನ್ನು ಹುಡುಕುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಓಡುತ್ತಿರುತ್ತವೆ. ನಾಸ್‌ನ ಅಡ್ಮಿನ್ ಪುಟವನ್ನು ಹೊರಗೆ ತೆರೆಯುವುದೂ ಅಷ್ಟೇ ಕೆಟ್ಟದ್ದು. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹಾಗೆ ಇಂಟರ್‌ನೆಟ್‌ಗೆ ತೆರೆದಿದ್ದ ನಾಸ್‌ಗಳಿಗೇ ನುಗ್ಗಿತ್ತು. ಎಷ್ಟೋ ಮನೆಗಳ ಫೋಟೊಗಳಿಗೆ ಬೀಗ ಬಿತ್ತು. ಅಲ್ಲದೆ ಈಗ ಬಹಳಷ್ಟು ಕಂಪನಿಗಳು ಮನೆಗೆ ಸ್ವಂತ ಸಾರ್ವಜನಿಕ ಐಪಿ ಕೊಡುವುದಿಲ್ಲ. ನೂರಾರು ಮನೆಗಳಿಗೆ ಒಂದೇ ಐಪಿ ಹಂಚಿರುತ್ತಾರೆ. ಪೋರ್ಟ್ ತೆರೆದರೂ ಪ್ರಯೋಜನ ಆಗಲ್ಲ.

ಇದಕ್ಕೆ ನಾನು ಹೇಳುವುದು ಟೇಲ್‌ಸ್ಕೇಲ್‌ನಂಥ ವಿಪಿಎನ್. ನಿಮ್ಮ ನಾಸ್‌ಗೆ ಅದರ ಆ್ಯಪ್ ಇದ್ದರೆ ಹಾಕಿ, ತಂಗಿಯ ಫೋನಿಗೂ ಹಾಕಿಸಿ. ಎರಡೂ ತಮ್ಮತಮ್ಮಲ್ಲೇ ಒಂದು ಖಾಸಗಿ ದಾರಿ ಮಾಡಿಕೊಳ್ಳುತ್ತವೆ, ರೂಟರ್‌ನಲ್ಲಿ ಯಾವ ಪೋರ್ಟೂ ತೆರೆಯಬೇಕಿಲ್ಲ, ಸಾರ್ವಜನಿಕ ಐಪಿಯೂ ಬೇಕಿಲ್ಲ. ನಾಸ್‌ಗೆ 100ರಿಂದ ಶುರುವಾಗುವ ಇನ್ನೊಂದು ಅಡ್ರೆಸ್ ಸಿಗುತ್ತೆ. ತಂಗಿ ತಮ್ಮ ಫೈಲ್ ಆ್ಯಪ್‌ನಲ್ಲಿ ಆ ಅಡ್ರೆಸ್ ಹಾಕಬೇಕು. ಅವರಿಗೂ ಬೇರೆ ಯೂಸರ್, ಓದುವ ಹಕ್ಕು ಮಾತ್ರ. ಅಲ್ಲಿ ಫೋಟೊ ಎಷ್ಟು ಬೇಗ ತೆರೆಯುತ್ತೆ ಅನ್ನೋದು ನಿಮ್ಮ ಮನೆಯ ಅಪ್‌ಲೋಡ್ ವೇಗದ ಮೇಲೆ ನಿಂತಿದೆ, ಡೌನ್‌ಲೋಡ್ ಮೇಲಲ್ಲ. ಸ್ಕ್ಯಾನ್ ಮಾಡಿದ ಫೋಟೊಗಳಿಗೆ ಸಾಮಾನ್ಯ ಫೈಬರ್ ಸಾಕು. ಮದುವೆಯ ದೊಡ್ಡ ವಿಡಿಯೊ ತಡವರಿಸಬಹುದು. ತಂಗಿಗೆ ಫೋನ್ ಮಾಡುವ ಮುಂಚೆ ನಿಮ್ಮ ಮೊಬೈಲಿಗೂ ಆ ವಿಪಿಎನ್ ಆ್ಯಪ್ ಹಾಕಿ, ವೈಫೈ ಆಫ್ ಮಾಡಿ, ಡೇಟಾದಲ್ಲಿ ಒಮ್ಮೆ ತೆರೆದು ನೋಡಿ. ಅಲ್ಲಿ ತೆರೆದರೆ ಬೆಳಗಾವಿಯಲ್ಲೂ ತೆರೆಯುತ್ತೆ.